ಬೇಸಿಗೆಯಲ್ಲಿ ಬೆಟ್ಟ ಹತ್ತುವವರಿಗೆ

ಎಲ್ಲರಿಗೂ ನಮಸ್ಕಾರ.

ಪರೀಕ್ಷೆ ಮುಗಿದು ರಜೆ ಶುರುವಾದರೆ ಸಾಕು, "ಸರ್, ಯಾವ ಬೆಟ್ಟಕ್ಕೆ ಹೋಗಬಹುದು?" ಎಂದು ಕೇಳುವವರು ಬಹಳ. ಎಷ್ಟು ಹೊತ್ತಿಗೆ ಹೋಗಬೇಕು, ಎಷ್ಟು ಹೊತ್ತಿಗೆ ಇಳಿದಿರಬೇಕು ಎಂದು ಕೇಳುವವರು ಅಪರೂಪ. ಇವತ್ತು ನಾನು ಮಾತಾಡುವುದು ಆ ಅಪರೂಪದ ಪ್ರಶ್ನೆಯ ಬಗ್ಗೆ.

ಮೊದಲಿಗೆ ಮಲೆನಾಡಿನ ವಿಷಯ ಮುಗಿಸಿಬಿಡುತ್ತೇನೆ. ಕುಮಾರ ಪರ್ವತದಂಥ ದಾರಿಗಳನ್ನು ಅರಣ್ಯ ಇಲಾಖೆ ಬೇಸಿಗೆಯಲ್ಲಿ ಮುಚ್ಚುತ್ತದೆ. ಅದಕ್ಕೆ ಗೊಣಗುವವರು ಇಲ್ಲೂ ಇರಬಹುದು. ಅವರಿಗೆ ನಾನು ಕುರಂಗಣಿಯನ್ನು ನೆನಪಿಸುತ್ತೇನೆ. 2018ರ ಮಾರ್ಚ್ 11ರಂದು ತಮಿಳುನಾಡಿನ ಥೇಣಿ ಜಿಲ್ಲೆಯ ಆ ಬೆಟ್ಟದಲ್ಲಿ ಚಾರಣಿಗರು ಕಾಳ್ಗಿಚ್ಚಿಗೆ ಸಿಕ್ಕರು. 20ಕ್ಕೂ ಹೆಚ್ಚು ಜನ ಸತ್ತರು. ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಓಡುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದಂತೆ ಅದರ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂಬುದು ಬೆಂಕಿ ನಂದಿಸುವವರ ಲೆಕ್ಕ. ಏರು ದಾರಿಯಲ್ಲಿ ಏದುಸಿರು ಬಿಡುತ್ತಾ ನಾವು ಎಷ್ಟು ಓಡಿಯೇವು? ಹಾಗಾಗಿ ಮುಚ್ಚಿದ ದಾರಿಯನ್ನು ಮುಚ್ಚಿದ್ದೆಂದೇ ತಿಳಿಯೋಣ, ಗೈಡು ಗೊತ್ತಿದ್ದಾನೆ ಎನ್ನುವ ಮಾತು ಬೇಡ.

ಬೇಸಿಗೆಯಲ್ಲಿ ನಮಗೆ ಉಳಿಯುವುದು ಬಯಲುಸೀಮೆಯ ಬಂಡೆಗಳು. ಮಧುಗಿರಿ, ಶಿವಗಂಗೆ, ಸಾವನದುರ್ಗ, ರಾಮದೇವರ ಬೆಟ್ಟ. ಎಲ್ಲವೂ ಅರ್ಧ ದಿನದಲ್ಲಿ ಹತ್ತಿ ಇಳಿಯುವಂಥವು. ಹಾಗೆಂದೇ ಜನ ಇವನ್ನು ಹಗುರವಾಗಿ ನೋಡುತ್ತಾರೆ.

ಮಧುಗಿರಿಯನ್ನೇ ತೆಗೆದುಕೊಳ್ಳಿ. ಊರಿನ ಮಟ್ಟದಿಂದ ತುದಿಗೆ ಸುಮಾರು 400 ಮೀಟರ್ ಏರು. ನೀವು 70 ಕೆಜಿ, ಬೆನ್ನ ಮೇಲಿನ ಚೀಲ 5 ಕೆಜಿ ಎಂದುಕೊಳ್ಳೋಣ. 75 ಕೆಜಿಯನ್ನು ಅಷ್ಟೆತ್ತರಕ್ಕೆ ಎತ್ತಲು ಬೇಕಾದದ್ದು 70 ಕಿಲೋಕ್ಯಾಲರಿ, ಒಂದು ಸಣ್ಣ ಚಪಾತಿಯೂ ಬೇಡ. ಆದರೆ ನಮ್ಮ ಸ್ನಾಯು ತಾನು ಸುಟ್ಟಿದ್ದರಲ್ಲಿ ಕಾಲು ಭಾಗವನ್ನು ಕೂಡ ಕೆಲಸಕ್ಕೆ ತರುವುದು ಕಷ್ಟ. ಮಿಕ್ಕಿದ್ದೆಲ್ಲ ಶಾಖ. ಅಂದರೆ 70 ಕಿಲೋಕ್ಯಾಲರಿಯ ಏರಿಗೆ ಸುಮಾರು 300 ಖರ್ಚಾಗುತ್ತದೆ, ಅದರಲ್ಲಿ 230ರಷ್ಟು ಮೈಯೊಳಗೇ ಕಾವಾಗಿ ನಿಲ್ಲುತ್ತದೆ. 70 ಕೆಜಿ ದೇಹದ ಉಷ್ಣತೆ ಒಂದು ಡಿಗ್ರಿ ಏರಲು 58 ಕಿಲೋಕ್ಯಾಲರಿ ಸಾಕು. ಆ ಕಾವು ಹೊರಗೆ ಹೋಗದೇ ಇದ್ದರೆ 37ರಲ್ಲಿದ್ದ ಮೈ ಬೆಟ್ಟದ ತುದಿ ಮುಟ್ಟುವಾಗ 41 ಆಗಿರುತ್ತದೆ. ಸೂರ್ಯನ ಪಾಲನ್ನು ನಾನಿನ್ನೂ ಲೆಕ್ಕಕ್ಕೇ ತಂದಿಲ್ಲ.

ಈ ಲೆಕ್ಕ ಯಾಕೆ ಹೇಳಿದೆ ಅಂದರೆ, ಬೇಸಿಗೆಯ ಬೆಟ್ಟದಲ್ಲಿ ನಮ್ಮನ್ನು ಕೆಡವುವ ಬಿಸಿಯಲ್ಲಿ ದೊಡ್ಡ ಪಾಲು ನಾವೇ ಹುಟ್ಟಿಸಿದ್ದು. ಬಿಸಿಲು ಮಾಡುವುದೇನೆಂದರೆ ಆ ಕಾವು ಹೊರಗೆ ಹೋಗುವ ದಾರಿಗಳನ್ನು ಒಂದೊಂದಾಗಿ ಮುಚ್ಚುವುದು. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾದರೆ ಬೀಸುವ ಗಾಳಿಯೂ ಮೈಗೆ ಶಾಖವನ್ನೇ ತುಂಬುತ್ತದೆ. ಆಗ ಉಳಿಯುವ ದಾರಿ ಬೆವರೊಂದೇ.

ಬೆವರು ಒಳ್ಳೆಯ ಯಂತ್ರ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ 580 ಕಿಲೋಕ್ಯಾಲರಿಯಷ್ಟು ಶಾಖ ಹೊತ್ತೊಯ್ಯುತ್ತದೆ. ಆದರೆ "ಆರಿದರೆ" ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ನೀರು ನಷ್ಟ, ತಂಪು ಸೊನ್ನೆ. ನಮ್ಮ ಒಣ ಬಯಲಿನಲ್ಲಿ ಅದು ಹುಟ್ಟಿದ ಹಾಗೇ ಆರುತ್ತದೆ, ಎಷ್ಟು ಹೋಯಿತು ಎಂಬುದೇ ಗೊತ್ತಾಗುವುದಿಲ್ಲ. ಇಳಿದ ಮೇಲೆ ಅಂಗಿಯ ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ ಕಂಡಾಗಲೇ ತಿಳಿಯುವುದು. ಕರಾವಳಿಯ ಅಂಚಿನ ಬೆಟ್ಟಗಳ ಬುಡದಲ್ಲಿ ಇದು ತಿರುಗುಮುರುಗು. ಥರ್ಮಾಮೀಟರು 33 ತೋರಿಸಿದರೂ ಸೆಕೆಗೆ ಬೆವರು ಆರುವುದೇ ಇಲ್ಲ. ಸುಬ್ರಹ್ಮಣ್ಯದ ಕಡೆಯಿಂದ ಹೊರಟು ಕಾಡೊಳಗೆ ನಡೆಯುವಾಗ ನೆರಳಿದ್ದೂ ಜೀವ ಸೋಲುವುದು ಅದಕ್ಕೇ.

ಹಾಗಾದರೆ ಉಪಾಯ? ನಿಧಾನ. ಬೆಟ್ಟ ಅದೇ, ಹುಟ್ಟುವ ಕಾವೂ ಅಷ್ಟೇ. ಅದನ್ನು ಒಂದು ಗಂಟೆಯಲ್ಲಿ ಹೊರಹಾಕು ಎಂದು ಮೈಗೆ ಹೇಳುತ್ತೀರೋ ಎರಡು ಗಂಟೆ ಕೊಡುತ್ತೀರೋ ಎಂಬುದು ನಿಮ್ಮ ಕೈಯಲ್ಲಿದೆ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತಿದ್ದರೆ ನಡಿಗೆ ಸರಿಯಿದೆ. ಒಂದೊಂದೇ ಪದ ಹೊರಡುತ್ತಿದ್ದರೆ ನಿಲ್ಲಿ. ಎಷ್ಟು ನಿಮಿಷದಲ್ಲಿ ತುದಿ ಮುಟ್ಟಿದೆ ಎಂದು ಫೋನಿನಲ್ಲಿ ತೋರಿಸುವ ಚಾಳಿಯನ್ನು ಡಿಸೆಂಬರಿಗೆ ಇಟ್ಟುಕೊಳ್ಳಿ.

ಇನ್ನು ಹೊತ್ತಿನ ಮಾತು. "ಬೆಳಗ್ಗೆ ಏಳೋಕ್ಕಾಗಲ್ಲ, ಸಂಜೆ ನಾಲ್ಕಕ್ಕೆ ಹೊರಡೋಣ, ಬಿಸಿಲು ಇಳಿದಿರುತ್ತೆ" ಎನ್ನುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಬಿಸಿಲು ಇಳಿದಿರುತ್ತದೆ, ಬಂಡೆ ಇಳಿದಿರುವುದಿಲ್ಲ. ಗ್ರಾನೈಟಿನ ಮೈ ಹಗಲೆಲ್ಲ ಕುಡಿದ ಶಾಖವನ್ನು ಸಂಜೆ ನಿಧಾನಕ್ಕೆ ಉಗುಳುತ್ತದೆ. ಮಧುಗಿರಿಯ ಕಡಿದಾದ ಜಾಗದಲ್ಲಿ ಕೈಯೂರಿ ಹತ್ತಬೇಕಲ್ಲ, ಅಲ್ಲಿ ಏಪ್ರಿಲ್ ಸಂಜೆ ನಾಲ್ಕೂವರೆಗೆ ಅಂಗೈ ಇಟ್ಟು ನೋಡಿ. ಕಂಬಿ ಹಿಡಿಯಲು ಟವೆಲ್ ಬೇಕಾಗುತ್ತದೆ. ಅದೇ ಬಂಡೆ ಬೆಳಗ್ಗೆ ಆರಕ್ಕೆ ತಣ್ಣಗಿರುತ್ತದೆ, ರಾತ್ರಿಯೆಲ್ಲ ಆರಿರುತ್ತದೆ.

ಇನ್ನೊಂದು ಸಣ್ಣ ವಿಷಯ. ನಿಮ್ಮ ದಾರಿ ಬೆಟ್ಟದ ಯಾವ ಮಗ್ಗುಲಲ್ಲಿದೆ ಎಂದು ನಕ್ಷೆಯಲ್ಲಿ ನೋಡಿಕೊಳ್ಳಿ. ಪಡುವಣ ಮಗ್ಗುಲಾದರೆ ಬೆಳಗಿನ ಹೊತ್ತು ಬೆಟ್ಟದ್ದೇ ನೆರಳು ಸಿಗುತ್ತದೆ. ಮೂಡಣ ಮಗ್ಗುಲಿಗೆ ಎಂಟು ಗಂಟೆಗೇ ಬಿಸಿಲು ಮುಖಕ್ಕೆ ಬಡಿಯುತ್ತದೆ.

ಬೇಗ ಹೊರಡಿ ಅಂದೆ ಎಂದು ನಡುರಾತ್ರಿ ಟಾರ್ಚು ಹಿಡಿದು ಹೊರಡಬೇಡಿ. ನಮ್ಮ ಜಿಲ್ಲೆಯ ಕುರುಚಲು ಕಾಡುಗಳಲ್ಲಿ ಕರಡಿ ಇದೆ, ಚಿರತೆ ಇದೆ. ರಾತ್ರಿ ಮೇಯಲು ಹೋದ ಕರಡಿ ಬಂಡೆಯ ಪೊಟರೆಗೆ ಮರಳುವುದು ಬೆಳಗಿನ ಜಾವಕ್ಕೇ. ದಾರಿ ಕಣ್ಣಿಗೆ ಕಾಣುವಷ್ಟು ಬೆಳಕಾದ ಮೇಲೆ ಹೊರಟು, ಹತ್ತು ಗಂಟೆಯೊಳಗೆ ಬುಡದಲ್ಲಿರಿ. ಬೇಸಿಗೆಯಲ್ಲಿ ನಮಗೆ ಸಿಗುವುದು ಆ ನಾಲ್ಕು ಗಂಟೆ ಮಾತ್ರ. ಅಷ್ಟರಲ್ಲಿ ಆಗದ ಬೆಟ್ಟವನ್ನು ಬೇಸಿಗೆಯಲ್ಲಿ ಹತ್ತಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್‌ನಲ್ಲೂ ಬೇಸಿಗೆಯಲ್ಲಿ ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಕಣಿವೆಯೊಳಗೆ ನಡೆಯಬೇಡಿ ಎಂದೇ ಪಾರ್ಕಿನವರು ಹೇಳುತ್ತಾರೆ. ಮಗಳ ಮನೆಗೆ, ಮಗನ ಮನೆಗೆ ಹೋದಾಗ ಅಲ್ಲಿಗೆ ಹೋಗುವವರು ಇಲ್ಲಿದ್ದೀರಿ, ಅದಕ್ಕೇ ಹೇಳಿದೆ. ಅಲ್ಲಿ ಮೊದಲು ಇಳಿತ, ಆಮೇಲೆ ಏರು. ಸುಸ್ತಾದ ಮೇಲೆ ಹತ್ತಬೇಕು.

ಮೇಲೆ ಹೋದಷ್ಟೂ ತಂಪು ಎಂಬುದು ಅರ್ಧ ಸತ್ಯ. ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಗಾಳಿಯ ಬಿಸಿ ಇಳಿಯುತ್ತದೆ ನಿಜ, ಆದರೆ ಅಷ್ಟೇ ಏರಿಗೆ ಅತಿನೇರಳೆ ಕಿರಣ ಶೇಕಡ 10ರಷ್ಟು ಹೆಚ್ಚುತ್ತದೆ. ತಂಗಾಳಿಗೆ ಮೈಮರೆತು ಕೂತವರ ಕತ್ತು, ಕಿವಿ ಸುಟ್ಟಿರುತ್ತದೆ. ಹವಾಮಾನ ಇಲಾಖೆಯ ಮಾನದಂಡ ನೋಡಿ: ಬಿಸಿಗಾಳಿ ಎಂದು ಪರಿಗಣಿಸಲು ಬಯಲಿನಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಮುಟ್ಟಬೇಕು, ಗುಡ್ಡಗಾಡಿನಲ್ಲಿ 30 ಮುಟ್ಟಿದರೂ ಸಾಕು.

ನೀರಿನ ಬಗ್ಗೆ ನೀವು ಸಾಕಷ್ಟು ಕೇಳಿರುತ್ತೀರಿ, ಎಷ್ಟು ಲೀಟರ್ ಎಂಬ ಪಟ್ಟಿ ನಾನು ಕೊಡುವುದಿಲ್ಲ. ಬಾಯಾರಿದಾಗ ಕುಡಿಯಿರಿ, ಗುಟುಕು ಗುಟುಕಾಗಿ ಕುಡಿಯಿರಿ, ಅರ್ಧ ನೀರು ಖಾಲಿಯಾಗುವ ಮುಂಚೆಯೇ ತಿರುಗಿಬಿಡಿ. ಆದರೆ ಬರೀ ನೀರನ್ನೇ ಲೀಟರುಗಟ್ಟಲೆ ಸುರಿದುಕೊಂಡರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಕರಿಕೆ, ಮಂಪರು. ನೋಡಲು ಬಿಸಿಲಿನ ಬಳಲಿಕೆಯ ಹಾಗೇ ಇರುತ್ತದೆ, ಪಾಪ, ಜೊತೆಯವರು ಇನ್ನಷ್ಟು ನೀರು ಕುಡಿಸುತ್ತಾರೆ. ರಾಮನವಮಿಯ ಪಾನಕದಲ್ಲಿ ಬೆಲ್ಲ ಇದೆ, ನೀರುಮಜ್ಜಿಗೆಯಲ್ಲಿ ಉಪ್ಪಿದೆ, ಕೋಸಂಬರಿಯಲ್ಲಿ ಎರಡು ತುತ್ತು ಊಟವೂ ಇದೆ. ಚೀಲದಲ್ಲಿ ಇಷ್ಟಿದ್ದರೆ ಬಣ್ಣದ ಬಾಟಲಿಯ ಅಗತ್ಯ ನನಗೆ ಕಂಡಿಲ್ಲ. ಔಷಧಿ ಅಂಗಡಿಯ ಓಆರ್‌ಎಸ್ ಪೊಟ್ಟಣ ಎರಡು ಇರಲಿ. ಶಿವಗಂಗೆಗೆ ಹೋಗುವವರಿಗೆ ಒಂದು ಕಿವಿಮಾತು: ಬಾಟಲಿ ಕೈಯಲ್ಲಿ ಹಿಡಿದುಕೊಂಡು ನಡೆಯಬೇಡಿ, ಕೋತಿಗಳಿಗೆ ಮುಚ್ಚಳ ತೆಗೆಯುವುದು ನಿಮಗಿಂತ ಚೆನ್ನಾಗಿ ಗೊತ್ತು.

ಉಡುಪಿನಲ್ಲಿ ನಾನು ಹಳೆಯ ಕಾಲದವನು. ಒಣ ಬೆಟ್ಟಕ್ಕೆ ಸಡಿಲವಾದ, ತಿಳಿಬಣ್ಣದ, ತುಂಬುತೋಳಿನ ಹತ್ತಿ ಅಂಗಿ. ಹತ್ತಿ ಬೇಗ ಆರುವುದಿಲ್ಲ ಎಂದು ಅಂಗಡಿಯವರು ಬೈಯುತ್ತಾರೆ. ಬೇಸಿಗೆಯಲ್ಲಿ ನನಗೆ ಬೇಕಾದದ್ದೂ ಅದೇ, ನಿಧಾನಕ್ಕೆ ಆರುತ್ತಾ ಮೈ ತಂಪಿಡಲಿ. ಮತ್ತೆ ಕೊಡೆ. ನಗಬೇಡಿ. ಮರವಿಲ್ಲದ ಬಂಡೆಯ ಮೇಲೆ ಕೊಡೆಯಂಥ ನೆರಳು ಬೇರೆ ಇಲ್ಲ. ಕೈಯೂರುವ ಕಡಿದಾದ ಜಾಗದಲ್ಲಿ ಮಾತ್ರ ಮಡಚಿ ಚೀಲಕ್ಕೆ ಸಿಕ್ಕಿಸಿ.

ಹೊಲದಲ್ಲಿ ದಿನವೂ ದುಡಿಯುವವರಿಗೆ ಈ ಬಿಸಿಲು ಅಭ್ಯಾಸ. ಏಸಿ ಆಫೀಸಿನಿಂದ ಎದ್ದು ಭಾನುವಾರ ನೇರ ಬಂಡೆಗೆ ಬರುವವರಿಗೆ ಅಲ್ಲ. ಒಂದೆರಡು ವಾರ ದಿನಾ ಒಂದು ಗಂಟೆ ಬಿಸಿಯಲ್ಲಿ ನಡೆದರೆ ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ರಕ್ತದ ಪ್ರಮಾಣ ಹೆಚ್ಚುತ್ತದೆ. ಬಿಟ್ಟರೆ ಕೆಲವೇ ವಾರಗಳಲ್ಲಿ ಹೋಗುತ್ತದೆ.

ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿದರೆ ಖುಷಿಪಡಬೇಡಿ. ಮುಂಗಾರಿಗೆ ಮುಂಚಿನ ಮಳೆ ಗುಡುಗು ಸಿಡಿಲಿನ ಜೊತೆಗೇ ಬರುತ್ತದೆ. ಬೋಳು ಬಂಡೆ, ಅದರ ಮೇಲೆ ಕಬ್ಬಿಣದ ಕಂಬಿ, ಕಂಬಿ ಹಿಡಿದ ನೀವು. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ನಿಮ್ಮ ತನಕ ಬರಬಲ್ಲದು ಎಂದೇ ಅರ್ಥ. ಹೊತ್ತು ಹತ್ತಕ್ಕೆ ಇಳಿದವರಿಗೆ ಈ ಚಿಂತೆಯೂ ಇಲ್ಲ. ಹೆಜ್ಜೇನಿನ ಗೂಡು ಕಂಡರೆ ಸದ್ದಿಲ್ಲದೆ ಸುತ್ತಿಕೊಂಡು ಹೋಗಿ, ಹೊಗೆ ಬೇಡ, ಅಷ್ಟು ಸಾಕು.

ಕೊನೆಯದಾಗಿ, ಎಲ್ಲ ಜಾಗ್ರತೆ ಮಾಡಿಯೂ ಒಬ್ಬರು ಕುಸಿದರೆ. ಬಳಲಿಕೆ ಬೇರೆ, ಬಿಸಿಲಾಘಾತ ಬೇರೆ. ತಲೆಸುತ್ತು, ಸ್ನಾಯು ಸೆಳೆತ, ವಾಕರಿಕೆ ಇದ್ದೂ ಮಾತು ನೆಟ್ಟಗಿದ್ದರೆ ನೆರಳು, ವಿಶ್ರಾಂತಿ, ಉಪ್ಪು ಸಕ್ಕರೆಯ ನೀರು ಸಾಕಾಗಬಹುದು. ಮಾತು ತಪ್ಪಿದರೆ ಆಘಾತ ಎಂದೇ ತಿಳಿಯಿರಿ. ಚೀಲದ ಜಿಪ್ಪು ಎಳೆಯಲು ತಡಕಾಡುವುದು, ಸುಮ್ಮನೆ ರೇಗುವುದು, ಕುಡಿದವರ ಹಾಗೆ ತೂರಾಡುವುದು. ಬೆಳಗ್ಗೆ ಏನು ತಿಂಡಿ ತಿಂದಿರಿ ಎಂದು ಕೇಳಿ, ಉತ್ತರ ತಡವರಿಸುತ್ತದೆ. ಆಗ ಮೈ 40 ದಾಟಿರಬಹುದು. ಬೆವರು ನಿಂತಿಲ್ಲವಲ್ಲ ಎಂದು ಸಮಾಧಾನಪಡಬೇಡಿ, ನಡೆದು ಬಂದ ಆಘಾತದಲ್ಲಿ ಬೆವರು ಸುರಿಯುತ್ತಲೇ ಇರಬಹುದು. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ, ಇದು ಜ್ವರವಲ್ಲ.

ಹೊತ್ತುಕೊಂಡು ಇಳಿಯಲು ಹೊರಡಬೇಡಿ. ಮೊದಲು ತಂಪು, ಆಮೇಲೆ ಸಾಗಣೆ. ಕೊಡೆ ಬಿಚ್ಚಿ ನೆರಳು ಮಾಡಿ, ಬಿಸಿ ಬಂಡೆಗೆ ಬೆನ್ನು ತಾಗದಂತೆ ಚೀಲಗಳನ್ನು ಹಾಸಿ ಮಲಗಿಸಿ, ಅಂಗಿ ಬಿಚ್ಚಿ, ಎಲ್ಲರ ಬಾಟಲಿಯ ನೀರೂ ಮೈಮೇಲೆ ಸುರಿದು ಟವೆಲಿನಿಂದ ಜೋರಾಗಿ ಗಾಳಿ ಹಾಕಿ. ಪ್ರಜ್ಞೆ ಮಸುಕಾಗಿದ್ದರೆ ಬಾಯಿಗೆ ನೀರು ಹಾಕಬೇಡಿ, ಉಸಿರಿಗೆ ಹತ್ತುತ್ತದೆ. ಒಬ್ಬರು ಗಾಳಿ ಹಾಕುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಿ, ಬೆಟ್ಟದ ಹೆಸರಿನ ಜೊತೆ ಯಾವ ಕಡೆಯ ದಾರಿ, ಕೋಟೆಯಿದ್ದರೆ ಅದರ ಎಷ್ಟನೇ ಬಾಗಿಲ ಹತ್ತಿರ ಎಂದು ಹೇಳಿ. ಮೂರನೆಯವರು ರಸ್ತೆಗೆ ಇಳಿದು ಆಂಬುಲೆನ್ಸ್ ಕಾಯಲಿ, ಮೇಲಿನ ದಾರಿ ಅವರೇ ತೋರಿಸಬೇಕು. ನಾನು ಮೂವರಿಗಿಂತ ಕಡಿಮೆ ಜನರ ಗುಂಪನ್ನು ಬೇಸಿಗೆಯಲ್ಲಿ ಕಳಿಸದೇ ಇರುವುದು ಈ ಕಾರಣಕ್ಕೆ.

ನಿಮ್ಮ ಪ್ರಶ್ನೆಗಳಿದ್ದರೆ ಈಗ ಕೇಳಬಹುದು.