ಮಾತ್ರೆ ಶುರುವಾದ ಮೇಲೆ ಕೌಂಟ್ ಏರಿದ್ದು ಯಾಕೆ?

[ಸ್ಕ್ರೀನ್: ಎರಡು ಬ್ಲಡ್ ರಿಪೋರ್ಟ್ ಅಕ್ಕಪಕ್ಕ]

ಸಿಎಲ್‌ಎಲ್ ಅನ್ನೋ ಬ್ಲಡ್ ಕ್ಯಾನ್ಸರ್. ಐಬ್ರುಟಿನಿಬ್ ಮಾತ್ರೆ ಶುರುವಾಗಿ ಎರಡು ವಾರ. ಕುತ್ತಿಗೆಯ ಗಂಟು ಕರಗ್ತಿದೆ, ಆದ್ರೆ ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣದ ಕೌಂಟ್ ಮಾತ್ರ 60,000ದಿಂದ 1,10,000ಕ್ಕೆ ಹಾರಿದೆ ಅಂದ್ಕೊಳ್ಳಿ. ಕಾಯಿಲೆ ಜೋರಾಯ್ತಾ? ಸಾಮಾನ್ಯವಾಗಿ ಅಲ್ಲ. ಔಷಧಿ ನಾಟಿದೆ ಅಂತ ಅರ್ಥ.

ಬೇಸಿಕ್ಸ್ ಬೇಗ ಮುಗಿಸೋಣ. ಮೂಳೆ ಮಜ್ಜೆಯಲ್ಲಿ ರಕ್ತಕಣಗಳ ಜೊತೆ ಅವಕ್ಕೆ ಆಸರೆಯಾಗೋ ಸ್ಟ್ರೋಮಾ ಕೋಶಗಳೂ ಇರ್ತವೆ. ಇವು ಬಿಡೋ ಸಿಎಕ್ಸ್‌ಸಿಎಲ್12 ಪ್ರೋಟೀನಿನ ಜಾಡು ಹಿಡಿದು ಕ್ಯಾನ್ಸರ್ ಕೋಶ ಬಂದು ಅಂಟಿಕೊಳ್ಳುತ್ತೆ. ಒಮ್ಮೆ ಅಂಟಿಕೊಂಡ್ರೆ ಅದಕ್ಕೆ ರಕ್ಷಣೆ ಸಿಕ್ಕ ಹಾಗೆ, ಕೀಮೋಗೂ ಸುಲಭಕ್ಕೆ ಜಗ್ಗಲ್ಲ.

ಐಬ್ರುಟಿನಿಬ್, ದಿನಕ್ಕೆ 420 ಮಿಲಿಗ್ರಾಂ, ಬಿಟಿಕೆ ಅನ್ನೋ ಕಿಣ್ವವನ್ನ ತಡೆಯುತ್ತೆ. ಅಂಟಿಕೊಳ್ಳೋಕೂ ಜಾಡು ಹಿಡಿಯೋಕೂ ಈ ಕಿಣ್ವ ಬೇಕು.

[ಅನಿಮೇಷನ್: ಇರುವೆ ಗೂಡು]

ಇರುವೆ ಗೂಡಿಗೆ ನೀರು ಹೊಯ್ದರೆ ಏನಾಗುತ್ತೆ? ನೆಲದ ತುಂಬ ಇರುವೆ! ಹೊಸದಾಗಿ ಹುಟ್ಟಿದ್ದು ಒಂದೂ ಇಲ್ಲ, ಒಳಗಿದ್ದದ್ದೇ ಹೊರಗೆ ಬಂತು. ಇಲ್ಲೂ ಅಷ್ಟೇ. ಲಿಂಫ್ ನೋಡ್ (ಕುತ್ತಿಗೆಯ ಆ ಗಂಟು ಇದೇ), ಮಜ್ಜೆಯಲ್ಲಿ ಅಡಗಿದ್ದ ಕ್ಯಾನ್ಸರ್ ಕೋಶಗಳು ರಕ್ತಕ್ಕೆ ಬಿದ್ದಿವೆ, ವಾಪಸ್ ಹೋಗೋ ದಾರಿ ಗೊತ್ತಾಗ್ತಿಲ್ಲ. ನಾವು ಸೂಜಿ ಚುಚ್ಚಿ ಎಣಿಸೋದು ರಕ್ತದಲ್ಲಿರೋದನ್ನ ಮಾತ್ರ ತಾನೇ! ಆಸರೆ ತಪ್ಪಿದ ಕೋಶಗಳು ನಿಧಾನಕ್ಕೆ ಸಾಯ್ತವೆ. ಹಲವರಲ್ಲಿ ಇದಕ್ಕೆ ತಿಂಗಳುಗಳೇ ಹಿಡಿಯುತ್ತೆ, ಕೆಲವರಲ್ಲಿ ವರ್ಷ ದಾಟುತ್ತೆ.

ಎಡವಟ್ಟಾಗೋದು ಎಲ್ಲಿ ಗೊತ್ತಾ? ಆ ಒಂದು ಸಂಖ್ಯೆ ನೋಡಿ ಹೆದರಿ ಮಾತ್ರೆ ಬಿಟ್ಟುಬಿಡೋದು. ಜೊತೆಗೆ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ನೋಡಬೇಕು. ಅವು ಇಳೀತಿದ್ರೆ, ಗಂಟು ಮತ್ತೆ ಬೆಳೀತಿದ್ರೆ, ಆಗ ವಿಷಯ ಬೇರೆ. ಇನ್ನೊಂದು, ಈ ಮಾತ್ರೆಯಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತೆ. ಆಪರೇಷನ್ ಇದ್ರೆ ಡಾಕ್ಟರ್ 3ರಿಂದ 7 ದಿನ ಮೊದಲೇ ನಿಲ್ಲಿಸ್ತಾರೆ. ಹಲ್ಲು ಕೀಳಿಸೋ ಮುಂಚೆಯೂ ಹೇಳಿಬಿಡಿ.

ಹೀಗೆ ಹೊರಗೆಬ್ಬಿಸೋದನ್ನೇ ಬೇಕಂತ ಮಾಡೋ ಔಷಧಿ ಪ್ಲೆರಿಕ್ಸಫೋರ್. ಮೊದಲು ಎಚ್‌ಐವಿಗೆ ಅಂತ ಪರೀಕ್ಷೆ ಮಾಡ್ತಿದ್ದರು, ನೋಡಿದ್ರೆ ಬಿಳಿ ರಕ್ತಕಣ ಏರ್ತಾ ಇತ್ತು! ಈಗ ರಕ್ತಕಣ ಹುಟ್ಟಿಸೋ ಸ್ಟೆಮ್ ಸೆಲ್‌ಗಳ ಸಂಗ್ರಹಕ್ಕೆ ಸುಮಾರು 11 ಗಂಟೆ ಮುಂಚೆ ಚರ್ಮದಡಿ ಇಂಜೆಕ್ಷನ್ ಕೊಡ್ತಾರೆ, ಕೆಜಿಗೆ 0.24 ಮಿಲಿಗ್ರಾಂ.

[ಟೈಮರ್ ಕೆಂಪಾಗುತ್ತೆ]

ಮಜ್ಜೆಯ ಕಾಯಿಲೆಗಳ ಉಳಿದ ಔಷಧಿಗಳು, ಓಡ್ತಾ ಓಡ್ತಾ. ಎಎಂಎಲ್ ಅನ್ನೋ ಇನ್ನೊಂದು ಬ್ಲಡ್ ಕ್ಯಾನ್ಸರ್‌ನ 7+3 ಕೀಮೋ (7 ದಿನ ಒಂದು ಔಷಧಿ, 3 ದಿನ ಇನ್ನೊಂದು) ಮಜ್ಜೆಯನ್ನ ಬಹುತೇಕ ಬರಿದು ಮಾಡುತ್ತೆ. 14ನೇ ದಿನದ ಸುಮಾರಿಗೆ ಬಯಾಪ್ಸಿ ಮಾಡಿದ್ರೆ ಕಾಣೋದು ಹೆಚ್ಚಾಗಿ ಕೊಬ್ಬೇ. ಮೈಲೋಮಾ ಅನ್ನೋ ಮಜ್ಜೆಯ ಕ್ಯಾನ್ಸರ್‌ಗೆ ಕೊಡೋ ಬೋರ್ಟೆಝೋಮಿಬ್ ಮೂಳೆ ಕಟ್ಟೋ ಕೋಶಗಳನ್ನೂ ಎಬ್ಬಿಸುತ್ತೆ, ಆದ್ರೆ ಸರ್ಪಸುತ್ತು ಏಳಬಹುದು, ಅದಕ್ಕೇ ಜೊತೆಗೆ ವೈರಸ್ ತಡೆಯೋ ಅಸೈಕ್ಲೋವಿರ್. ಮಜ್ಜೆ ನಾರುಗಟ್ಟೋ ಮೈಲೋಫೈಬ್ರೋಸಿಸ್‌ಗೆ ರುಕ್ಸೋಲಿಟಿನಿಬ್: ಊದಿಕೊಂಡ ಗುಲ್ಮ (ಸ್ಪ್ಲೀನ್) ಕುಗ್ಗುತ್ತೆ, ನಾರು ಮಾತ್ರ ಅಷ್ಟಾಗಿ ಕರಗಲ್ಲ. ಇದನ್ನ ದಿಢೀರ್ ನಿಲ್ಲಿಸಿದ್ರೆ ಜ್ವರ, ಉಸಿರಾಟದ ತೊಂದರೆ ಎಲ್ಲ ಒಟ್ಟಿಗೆ ಮರುಕಳಿಸಬಹುದು, ಹಾಗಾಗಿ ಡಾಕ್ಟರ್ ಡೋಸ್ ಹಂತ ಹಂತವಾಗೇ ಇಳಿಸ್ತಾರೆ.