ಗಾಳಿಯನ್ನೇ ಅಳೆಯಬೇಕು: ಭಾರತ, ಚೀನಾ ಮತ್ತು ಎಚ್‌ಎಫ್‌ಸಿ-23

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮ ಮನೆಯಲ್ಲೋ ಕಚೇರಿಯಲ್ಲೋ ಹಳೆಯ ಎಸಿ ಇದ್ದರೆ ಅದರ ಮೇಲಿನ ಚೀಟಿ ಓದಿ ನೋಡಿ. ಬಹುಶಃ ಆರ್-22 ಅಂತ ಇರುತ್ತದೆ. ಮೆಕ್ಯಾನಿಕ್ ಬಂದು ತುಂಬುವ ‘ಗ್ಯಾಸ್’ ಅದೇ. ನಾನ್‌ಸ್ಟಿಕ್ ತವಾದ ಟೆಫ್ಲಾನ್ ಲೇಪಕ್ಕೂ ಅದೇ ಕಚ್ಚಾವಸ್ತು. ಅದನ್ನು ತಯಾರಿಸುವಾಗ ಯಾರಿಗೂ ಬೇಡದ ಇನ್ನೊಂದು ಅನಿಲ ಜೊತೆಗೇ ಹುಟ್ಟುತ್ತದೆ: ಎಚ್‌ಎಫ್‌ಸಿ-23. ನೂರು ಕಿಲೋಗೆ ಎರಡೋ ಮೂರೋ ಕಿಲೋ. ಅಷ್ಟೇ ತಾನೇ ಅನ್ನಬೇಡಿ. ಇದರ ಒಂದು ಕಿಲೋ ಭೂಮಿಯನ್ನು ಬಿಸಿ ಮಾಡುವುದು 12,000 ಕಿಲೋ ಕಾರ್ಬನ್ ಡೈಆಕ್ಸೈಡ್‌ಗಿಂತಲೂ ಹೆಚ್ಚು. ಒಮ್ಮೆ ಹೊರಬಿತ್ತೆಂದರೆ ಇನ್ನೂರು ವರ್ಷ ದಾಟಿಯೂ ಉಳಿಯುತ್ತದೆ.

ಇದನ್ನು ಹಿಡಿದು ಸುಟ್ಟುಹಾಕಬಹುದು. ಕಷ್ಟದ ಕೆಲಸವೇನಲ್ಲ. ಇಲ್ಲೊಂದು ಕಥೆಯಿದೆ, ಹೇಳಲೇಬೇಕು. ಭೂಮಿ ಬಿಸಿಯಾಗುವುದನ್ನು ತಡೆಯಲು ದೇಶಗಳು ಮಾಡಿಕೊಂಡ ಕ್ಯೋಟೋ ಒಪ್ಪಂದದ ಕಾಲದಲ್ಲಿ, ಬಡ ದೇಶದ ಕಾರ್ಖಾನೆ ಮಾಲಿನ್ಯ ತಗ್ಗಿಸಿದರೆ ಶ್ರೀಮಂತ ದೇಶ ಅದಕ್ಕೆ ಹಣ ಕೊಡುವ ವ್ಯವಸ್ಥೆ ಬಂತು. ಆರ್-22 ತಯಾರಿಸುವ 19 ಕಾರ್ಖಾನೆಗಳು ಅದಕ್ಕೆ ಸೇರಿದವು. 11 ಚೀನಾದವು, 5 ನಮ್ಮವು. ಒಂದು ಕಿಲೋ ಎಚ್‌ಎಫ್‌ಸಿ-23 ಸುಟ್ಟರೆ, ಆಗಿನ ಎಣಿಕೆಯಂತೆ, 11 ಟನ್‌ಗೂ ಮಿಕ್ಕಿ ಕಾರ್ಬನ್ ಡೈಆಕ್ಸೈಡ್ ಉಳಿಸಿದ ಲೆಕ್ಕಪತ್ರ ಸಿಗುತ್ತಿತ್ತು, ಅದನ್ನು ಮಾರಬಹುದಿತ್ತು. ಸುಡುವ ಖರ್ಚು ಅಲ್ಪ, ಬರುವ ಹಣ ಅಪಾರ. ಹಣಕ್ಕಾಗಿಯೇ ಈ ತ್ಯಾಜ್ಯವನ್ನು ಹೆಚ್ಚು ಹುಟ್ಟಿಸಲಾಗುತ್ತಿದೆಯೇ ಎಂಬ ಗಂಭೀರ ಅನುಮಾನ ಎದ್ದಿತು. 2013ರಲ್ಲಿ ಯುರೋಪ್ ಈ ಲೆಕ್ಕಪತ್ರಗಳನ್ನು ಒಪ್ಪುವುದನ್ನೇ ನಿಲ್ಲಿಸಿತು. ಹಣ ನಿಂತ ಮೇಲೆ ಸುಡುವವರು ಯಾರು?

ಎರಡು ದೇಶಗಳ ದಾರಿ ಇಲ್ಲಿ ಬೇರೆಯಾಯಿತು. ಚೀನಾ ಸರ್ಕಾರ ಸುಡುವುದಕ್ಕೆ ಸಹಾಯಧನ ಕೊಟ್ಟಿತು. ಭಾರತ 2016ರ ಅಕ್ಟೋಬರ್‌ನಲ್ಲಿ, ನಿಮ್ಮ ಖರ್ಚಿನಲ್ಲೇ ಸುಡಿ ಎಂದು ತಯಾರಕರಿಗೆ ಆದೇಶಿಸಿತು. ಎರಡೂ ದೇಶಗಳ ವರದಿ ನಂಬಿದರೆ 2017ರ ಹೊತ್ತಿಗೆ ಜಗತ್ತಿನ ಹೊರಸೂಸುವಿಕೆ ಸುಮಾರು 87% ಇಳಿದಿರಬೇಕಿತ್ತು.

ಗಾಳಿಯನ್ನು ಅಳೆದರು. 2018ರಲ್ಲಿ ಇಡೀ ಜಗತ್ತಿನಿಂದ ಹೊರಬಿದ್ದ ಎಚ್‌ಎಫ್‌ಸಿ-23 ಸುಮಾರು 15,900 ಟನ್! ಅಲ್ಲಿಯವರೆಗಿನ ದಾಖಲೆ.

ದಕ್ಷಿಣ ಕೊರಿಯಾದ ಜೇಜು ದ್ವೀಪದಲ್ಲಿ ಗೋಸಾನ್ ಎಂಬ ಅಳತೆ ಕೇಂದ್ರವಿದೆ. ಚೀನಾದ ಕಡೆಯಿಂದ ಬೀಸುವ ಗಾಳಿ ಅಲ್ಲಿಗೆ ತಲುಪುತ್ತದೆ. ಪೂರ್ವ ಚೀನಾವೊಂದರಿಂದಲೇ 2008ರಲ್ಲಿ ವರ್ಷಕ್ಕೆ ಸುಮಾರು 5,000 ಟನ್, 2019ರಲ್ಲಿ ಸುಮಾರು 9,500 ಟನ್ ಎಂದು ಅಲ್ಲಿನ ಅಳತೆ ತೋರಿಸಿತು. ಅದಕ್ಕೇ ನಾನು ಮತ್ತೆ ಮತ್ತೆ ಹೇಳುವುದು: ವರದಿ ಓದಿ, ಆದರೆ ಗಾಳಿಯನ್ನು ಅಳೆಯಿರಿ.

ಹಾಗಾದರೆ ಭಾರತ? 2016ರ ಜೂನ್-ಜುಲೈನಲ್ಲಿ ಬ್ರಿಟಿಷ್ ಸಂಶೋಧನಾ ವಿಮಾನವೊಂದು ಉತ್ತರ ಭಾರತದ ಮೇಲೆ ಹಾರಿ ಗಾಳಿ ಸಂಗ್ರಹಿಸಿತು. ನಮ್ಮ ಪಾಲು ವರ್ಷಕ್ಕೆ ಸಾವಿರ ಟನ್ನಿನ ಆಸುಪಾಸು ಅಂತ ಲೆಕ್ಕ ಬಂತು. ಚೀನಾಕ್ಕಿಂತ ಎಷ್ಟೋ ಕಡಿಮೆ ಅಂತ ಹಿಗ್ಗುವವರಿಗೆ ಒಂದು ಮಾತು: ಚೀನಾ ತಯಾರಿಸುವ ಆರ್-22 ನಮ್ಮದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮೇಲಾಗಿ ಆ ವಿಮಾನ ಹಾರಿದ್ದು ಸುಡುವ ಆದೇಶಕ್ಕೆ ಮೊದಲು. ಆದೇಶದ ನಂತರ ಎಷ್ಟು ಇಳಿಯಿತು? ಕಾರ್ಖಾನೆಗಳ ವರದಿಯಲ್ಲ, ಗಾಳಿಯ ಉತ್ತರ ನನಗೆ ಬೇಕು.

ಎಚ್‌ಎಫ್‌ಸಿ ಗುಂಪಿನ ಅನಿಲಗಳನ್ನು ಹಂತಹಂತವಾಗಿ ತಗ್ಗಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಕಿಗಾಲಿ ತಿದ್ದುಪಡಿಯ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ, ಸಮಯ ಉಳಿದಿಲ್ಲ. ಇಷ್ಟು ತಿಳಿದಿರಲಿ: ಎರಡೂ ದೇಶಗಳು 2021ರಲ್ಲಿ ಅದನ್ನು ಅಂಗೀಕರಿಸಿವೆ. ಎಚ್‌ಎಫ್‌ಸಿ ಬಳಕೆಯ ಏರಿಕೆಗೆ ಚೀನಾದಲ್ಲಿ 2024ರಿಂದ ತಡೆ, ನಮ್ಮಲ್ಲಿ 2028ರಿಂದ. ಜಗತ್ತಿನ ಎಚ್‌ಎಫ್‌ಸಿ-23 ಹೊರಸೂಸುವಿಕೆ 2019ರ ನಂತರ ಸ್ವಲ್ಪ ಇಳಿದಿದೆ. ಅದು ಗೊತ್ತಾದದ್ದೂ ಗಾಳಿಯನ್ನು ಅಳೆದದ್ದರಿಂದಲೇ.

ಗುಜರಾತ್, ರಾಜಸ್ಥಾನದ ಕಾರ್ಖಾನೆಗಳ ಗಾಳಿ ಬೀಸಿ ಹೋಗುವ ದಿಕ್ಕಿನಲ್ಲಿ, ಗೋಸಾನ್‌ನಂತೆ ವರ್ಷವಿಡೀ ಅಳೆಯುವ ಕೇಂದ್ರ ನಮಗೂ ಬೇಕು. ಉಪಕರಣ ದುಬಾರಿ ಎಂಬ ನೆಪ ಸಾಕು. ಅದನ್ನು ನಡೆಸಬಲ್ಲ ವಿಜ್ಞಾನಿಗಳು ನಮ್ಮಲ್ಲೇ ಇದ್ದಾರೆ, ಕೆಲಸ ಆರಂಭವಾಗಲಿ. ನಮಸ್ಕಾರ.