ತೋಟದ ಮನೆಯ ಈಜುಕೊಳವನ್ನು ಕ್ಲೋರಿನ್‌ಗೆ ಬದಲಾಯಿಸುವಾಗ

ಕೇಳುಗರಿಗೆ ನಮಸ್ಕಾರ.

ಹುಬ್ಬಳ್ಳಿ-ಧಾರವಾಡದ ಹೊರವಲಯದಲ್ಲಿ, ಕಲಘಟಗಿಯ ಕಡೆಗೆ ಹೋಗುವ ರಸ್ತೆಯ ಮಾವಿನ ತೋಟಗಳಲ್ಲಿ, ಗದಗ ಮತ್ತು ಹಾವೇರಿಯ ಹೊಲದ ಮನೆಗಳಲ್ಲಿ ಈಗ ಸಣ್ಣ ಈಜುಕೊಳಗಳು ಕಾಣಸಿಗುತ್ತವೆ. ಕ್ಲೋರಿನ್ ಎಂದರೆ ಕಣ್ಣುರಿ, ಕ್ಲೋರಿನ್ ಎಂದರೆ ಘಾಟು ಎಂಬ ಭಾವನೆಯಿಂದ ಕೆಲವರು ಆರಂಭದಲ್ಲಿಯೇ ಬೇರೆ ಸೋಂಕುನಿವಾರಕವನ್ನು ಆರಿಸಿಕೊಂಡಿರುತ್ತಾರೆ. ಕೆಲವು ವರ್ಷಗಳ ನಂತರ ಆ ದ್ರಾವಣ ದುಬಾರಿಯೆನಿಸುತ್ತದೆ, ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ, ನೀರು ಮೊದಲಿನಂತೆ ತಿಳಿಯಾಗಿ ನಿಲ್ಲುವುದೂ ಇಲ್ಲ. ಆಗ ಕ್ಲೋರಿನ್ನಿಗೆ ಮರಳುವ ಯೋಚನೆ ಬರುತ್ತದೆ. ಈ ಬದಲಾವಣೆಯನ್ನು ಕೊಳ ಬರಿದು ಮಾಡದೆ, ಯಾರಿಗೂ ಅಪಾಯವಾಗದಂತೆ ಮಾಡುವುದು ಹೇಗೆ ಎಂಬುದೇ ಇಂದಿನ ಮಾತಿನ ವಿಷಯ.

ಕ್ಲೋರಿನ್ನಿನ ಬದಲಿಗೆ ಬಳಸುವ ವಸ್ತುಗಳಲ್ಲಿ ಮುಖ್ಯವಾದವು ಎರಡು. ಒಂದು ಬ್ರೋಮಿನ್. ಇನ್ನೊಂದು ಬೈಗ್ವನೈಡ್ ಗುಂಪಿಗೆ ಸೇರಿದ ಪಿಎಚ್‌ಎಂಬಿ ಎಂಬ ಪಾಲಿಮರ್. ಕಾಂಟ್ಯಾಕ್ಟ್ ಲೆನ್ಸ್ ತೊಳೆಯುವ ದ್ರಾವಣಗಳಲ್ಲಿಯೂ ಇದೇ ವಸ್ತು ಇರುತ್ತದೆ. ಇದು ಸೂಕ್ಷ್ಮಜೀವಿಯ ಹೊರಪೊರೆಗೆ ಅಂಟಿಕೊಂಡು ಅದನ್ನು ಒಡೆಯುತ್ತದೆಯೇ ಹೊರತು, ಬೆವರು, ಎಣ್ಣೆ, ಎಲೆಯ ರಸ ಮೊದಲಾದ ಕೊಳೆಯನ್ನು ಸುಡುವ ಶಕ್ತಿ ಇದಕ್ಕಿಲ್ಲ. ಆದ್ದರಿಂದಲೇ ಇದರ ಜೊತೆಗೆ ಹೈಡ್ರೋಜನ್ ಪೆರಾಕ್ಸೈಡನ್ನು ಆಗಾಗ ಹಾಕಬೇಕಾಗುತ್ತದೆ. ವರ್ಷಗಳು ಕಳೆದಂತೆ ಈ ಪಾಲಿಮರಿಗೆ ಬಗ್ಗದ ಜೀವಿಗಳು ಕೊಳದಲ್ಲಿ ನೆಲೆಯೂರುತ್ತವೆ; ಏಣಿಯ ಹಿಂದೆ, ಪೈಪಿನ ಬಾಯಲ್ಲಿ, ದೀಪದ ಗೂಡಿನಲ್ಲಿ ಬಿಳಿಯ ಬೂಷ್ಟು, ಗುಲಾಬಿ ಬಣ್ಣದ ಲೋಳೆ ಕಾಣಿಸಿಕೊಳ್ಳುತ್ತದೆ. ಬಹಳಷ್ಟು ಜನ ಈ ಹಂತದಲ್ಲಿ ಬೇಸತ್ತು ಕ್ಲೋರಿನ್ ಕಡೆಗೆ ತಿರುಗುತ್ತಾರೆ, ಮತ್ತು ಅವರ ನಿರ್ಧಾರ ಸರಿಯಾದುದೇ ಎಂದು ನಾನು ಭಾವಿಸುತ್ತೇನೆ. ಕ್ಲೋರಿನ್ ನಮಗೆ ಹೊಸದೇನೂ ಅಲ್ಲ. 1908ರಲ್ಲಿ ಅಮೆರಿಕದ ಜೆರ್ಸಿ ಸಿಟಿಯಲ್ಲಿ ಊರಿಗೆಲ್ಲ ಪೂರೈಸುವ ನೀರಿಗೆ ಅದನ್ನು ನಿರಂತರವಾಗಿ ಬೆರೆಸತೊಡಗಿದಂದಿನಿಂದ ಅದು ಜಗತ್ತಿನ ಕುಡಿಯುವ ನೀರಿನ ಕಾವಲಾಗಿದೆ. ಮಲಪ್ರಭೆಯಿಂದ ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೆ ಬರುವ ನೀರೂ ಕ್ಲೋರಿನ್ ಬೆರೆತೇ ಬರುತ್ತದೆ. ಕ್ಲೋರಿನ್ನಿನಿಂದ ಶುದ್ಧಗೊಳಿಸಿದ ಕುಡಿಯುವ ನೀರಿನಲ್ಲಿ, ಬಳಕೆದಾರರ ನಲ್ಲಿಯವರೆಗೂ, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಮುಕ್ತ ಕ್ಲೋರಿನ್, ಎಂದರೆ ಕೊಳೆಯೊಡನೆ ಸೇರಿಹೋಗದೆ ಕೆಲಸಕ್ಕೆ ಸಿದ್ಧವಿರುವ ಕ್ಲೋರಿನ್, ಉಳಿದಿರಬೇಕೆಂದು ಭಾರತೀಯ ಮಾನಕವೇ ಹೇಳುತ್ತದೆ.

ಮೊದಲು ಬ್ರೋಮಿನ್ ವಿಷಯವನ್ನು ಮುಗಿಸಿಬಿಡುತ್ತೇನೆ. ಬ್ರೋಮಿನ್ ಬಳಸಿದ ನೀರಿನಲ್ಲಿ ಬ್ರೋಮೈಡ್ ಲವಣ ಉಳಿದುಕೊಂಡಿರುತ್ತದೆ. ಅಂಥ ನೀರಿಗೆ ಎಷ್ಟೇ ಕ್ಲೋರಿನ್ ಹಾಕಿದರೂ ಅದು ಆ ಲವಣವನ್ನು ಮತ್ತೆ ಬ್ರೋಮಿನ್ ಆಗಿ ಪರಿವರ್ತಿಸುತ್ತದೆಯೇ ಹೊರತು ಕೊಳ ಕ್ಲೋರಿನ್ ಕೊಳ ಆಗುವುದಿಲ್ಲ. ಇಲ್ಲಿ ನೀರು ಬದಲಾಯಿಸುವುದೊಂದೇ ದಾರಿ. ಬ್ರೋಮಿನ್ ಗುಳಿಗೆ ಹಾಕುತ್ತಿದ್ದ ಡಬ್ಬಿಗೆ ಕ್ಲೋರಿನ್ ಗುಳಿಗೆಗಳನ್ನು ಎಂದಿಗೂ ತುಂಬಬಾರದು, ಏಕೆಂದರೆ ಎರಡರ ಪುಡಿ ಬೆರೆತರೆ ಬೆಂಕಿ ಹತ್ತುವ ಸಂಭವವಿದೆ.

ಪಿಎಚ್‌ಎಂಬಿ ಕೊಳದ ಕಥೆ ಬೇರೆ. ಅಲ್ಲಿ ನೀರನ್ನು ಉಳಿಸಿಕೊಂಡೇ ಬದಲಾವಣೆ ಮಾಡಬಹುದು. ನಮ್ಮ ಭಾಗದಲ್ಲಿ ಇದು ಸಣ್ಣ ಮಾತಲ್ಲ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.25 ಮೀಟರ್ ಆಳದ ಕೊಳದಲ್ಲಿ 40,000 ಲೀಟರ್ ನೀರು ಹಿಡಿಯುತ್ತದೆ. ಅಷ್ಟನ್ನು ಹೊರಗೆ ಬಿಟ್ಟು ಮತ್ತೆ ತುಂಬಿಸಬೇಕಾದರೆ 5,000 ಲೀಟರಿನ ಟ್ಯಾಂಕರ್ ಎಂಟು ಬಾರಿ ಬರಬೇಕು. ನೆರೆಯವರ ಕೊಳವೆಬಾವಿ ಬತ್ತುತ್ತಿರುವ ಏಪ್ರಿಲ್ ತಿಂಗಳಿನಲ್ಲಿ ಅಷ್ಟು ನೀರನ್ನು ಚೆಲ್ಲುವುದು ನನ್ನ ದೃಷ್ಟಿಯಲ್ಲಿ ತಪ್ಪು.

ಆದರೆ ಇಲ್ಲೊಂದು ಎಚ್ಚರ ಬೇಕು. ಪಿಎಚ್‌ಎಂಬಿಗೂ ಕ್ಲೋರಿನ್ನಿಗೂ ಹೊಂದಿಕೆಯಿಲ್ಲ. ಎರಡೂ ಸೇರಿದ ಕೂಡಲೇ ನೀರು ಹಳದಿ, ಹಸಿರು ಅಥವಾ ಕಂದು ಬಣ್ಣಕ್ಕೆ ತಿರುಗುತ್ತದೆ, ಅಂಟಂಟಾದ ಗಷ್ಟು ಬೇರ್ಪಟ್ಟು ಸೋಸುಯಂತ್ರದ ಮರಳಿಗೆ ಮೆತ್ತಿಕೊಳ್ಳುತ್ತದೆ. ಪೆರಾಕ್ಸೈಡ್ ಕೂಡ ಕ್ಲೋರಿನ್ನಿಗೆ ಎದುರಾಳಿಯೇ. ಒಂದು ಭಾಗ ಪೆರಾಕ್ಸೈಡ್ ತೂಕದಲ್ಲಿ ಸುಮಾರು ಎರಡು ಭಾಗ ಕ್ಲೋರಿನ್ನನ್ನು ನುಂಗಿಹಾಕುತ್ತದೆ. ನಮ್ಮ 40,000 ಲೀಟರ್ ಕೊಳದಲ್ಲಿ 30 ಪಿಪಿಎಂ, ಎಂದರೆ ಲೀಟರಿಗೆ 30 ಮಿಲಿಗ್ರಾಂ ಪೆರಾಕ್ಸೈಡ್ ಇದೆ ಎಂದುಕೊಳ್ಳೋಣ. ಅದನ್ನು ಇಲ್ಲವಾಗಿಸಲು ಸುಮಾರು 2.4 ಕಿಲೋಗ್ರಾಂ ಕ್ಲೋರಿನ್ ಬೇಕು. ಕ್ಲೋರಿನ್ ಕೊಡುವ ಶೇಕಡಾ 10ರ ಹೈಪೋಕ್ಲೋರೈಟ್ ದ್ರಾವಣದ ಲೆಕ್ಕದಲ್ಲಿ ಇದು 24 ಲೀಟರ್. ಇಷ್ಟಾದರೂ ಒಂದೇ ಒಂದು ರೋಗಾಣು ಸತ್ತಿರುವುದಿಲ್ಲ. ಹೀಗಾಗಿ ಹಳೆಯ ದ್ರಾವಣಗಳನ್ನು ನಿಲ್ಲಿಸಿದ ಕೂಡಲೇ ಕ್ಲೋರಿನ್ ಸುರಿಯಲು ಧಾವಿಸಬಾರದು. ಕೆಲವು ವಾರ ಪಂಪನ್ನು ಓಡಿಸುತ್ತ, ಗೋಡೆಗಳನ್ನು ಉಜ್ಜುತ್ತ, ಬಿಸಿಲಿಗೆ ಅದರ ಕೆಲಸ ಮಾಡಲು ಬಿಡಬೇಕು. ಮಳೆಗಾಲದಲ್ಲಿ ಕೊಳ ತುಂಬಿ ಹೊರಚೆಲ್ಲುವುದರಿಂದಲೂ ಹಳೆಯ ವಸ್ತುವಿನ ಪ್ರಮಾಣ ಖರ್ಚಿಲ್ಲದೆ ಇಳಿಯುತ್ತದೆ. ಮಳೆ ನಿಂತ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ ಅಥವಾ ಚಳಿ ಹಿಂಜರಿಯುವ ಫೆಬ್ರವರಿಯಲ್ಲಿ ಬದಲಾವಣೆಯನ್ನು ಕೈಗೆತ್ತಿಕೊಂಡರೆ, ಬೇಸಿಗೆಯ ರಜೆಗೆ ಮೊಮ್ಮಕ್ಕಳು ಬರುವ ಹೊತ್ತಿಗೆ ಕೊಳ ಸಿದ್ಧವಾಗಿರುತ್ತದೆ. ಕಾಯುವ ಈ ವಾರಗಳಲ್ಲಿ ಯಾರೂ ನೀರಿಗಿಳಿಯಬಾರದು, ನೀರು ಸೊಳ್ಳೆಯ ಮನೆಯಾಗುವಂತೆ ನಿಶ್ಚಲವಾಗಿಯೂ ಇರಬಾರದು.

ಇನ್ನು ಯಾವ ಕ್ಲೋರಿನ್ ಎಂಬ ಪ್ರಶ್ನೆ. ಅಂಗಡಿಗೆ ಹೋಗಿ ಈಜುಕೊಳದ ಕ್ಲೋರಿನ್ ಎಂದು ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಟಿಸಿಸಿಎ 90 ಎಂಬ ಬಿಳಿಯ ಪುಡಿ ಅಥವಾ ಗುಳಿಗೆ. ಬಳಸಲು ಬಹಳ ಸುಲಭವಾದ ಈ ವಸ್ತುವೇ ನಮ್ಮ ಭಾಗದ ಕೊಳಗಳನ್ನು ನಿಧಾನವಾಗಿ ಕೆಡಿಸುತ್ತದೆ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಟಿಸಿಸಿಎಯಲ್ಲಿ ಕ್ಲೋರಿನ್ನಿನ ಜೊತೆಗೆ ಸಯನ್ಯೂರಿಕ್ ಆಮ್ಲವೂ ಇರುತ್ತದೆ. ಕ್ಲೋರಿನ್ ಖರ್ಚಾಗಿ ಹೋದರೂ ಈ ಆಮ್ಲ ಆವಿಯಾಗುವುದಿಲ್ಲ, ಸೋಸಿದರೂ ಹೋಗುವುದಿಲ್ಲ. 10 ಪಿಪಿಎಂ ಕ್ಲೋರಿನ್ ಕೊಟ್ಟಾಗಲೆಲ್ಲ ಸುಮಾರು 6 ಪಿಪಿಎಂ ಆಮ್ಲ ಉಳಿಯುತ್ತದೆ. ದಿನಕ್ಕೆ 2 ಪಿಪಿಎಂ ಕ್ಲೋರಿನ್ ಬೇಡುವ ಕೊಳದಲ್ಲಿ ಒಂದೇ ತಿಂಗಳಿಗೆ ಇದು 36 ಪಿಪಿಎಂ ಆಗುತ್ತದೆ, ಬೇಸಿಗೆ ಮುಗಿಯುವಷ್ಟರಲ್ಲಿ ನೂರನ್ನು ದಾಟುತ್ತದೆ. ಆಗ ಕ್ಲೋರಿನ್ ಇದ್ದೂ ಇಲ್ಲದಂತಾಗಿ ಪಾಚಿ ಏಳುತ್ತದೆ, ಕೊನೆಗೆ ನೀರು ಹೊರಗೆ ಬಿಡುವುದನ್ನು ಬಿಟ್ಟರೆ ಸುಲಭದ ಉಪಾಯ ಉಳಿಯುವುದಿಲ್ಲ. ಬದಲಾವಣೆಯ ಅವಧಿಯಲ್ಲಂತೂ, ಅಪಾರ ಪ್ರಮಾಣದ ಕ್ಲೋರಿನ್ ಬೇಕಾಗುವುದರಿಂದ, ಟಿಸಿಸಿಎಯನ್ನು ಮುಟ್ಟಲೇಬಾರದು. ಬ್ಲೀಚಿಂಗ್ ಪೌಡರ್ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ನೀರಿಗೆ ಸುಣ್ಣದ ಅಂಶವನ್ನು ಸೇರಿಸುತ್ತವೆ. ಕೊಳವೆಬಾವಿಯ ಗಡಸು ನೀರಿನಿಂದಲೇ ತುಂಬಿದ ಕೊಳಕ್ಕೆ ಇವನ್ನೂ ಸುರಿದರೆ ಟೈಲ್ಸ್ ಮೇಲೆ, ಪೈಪಿನೊಳಗೆ ಬಿಳಿಯ ಪದರ ಕಟ್ಟುತ್ತದೆ. ಆದ್ದರಿಂದ ನಾನು ಸೂಚಿಸುವುದು ಹೈಪೋ ಎಂದು ಕ್ಯಾನುಗಳಲ್ಲಿ ಮಾರುವ ದ್ರವರೂಪದ ಸೋಡಿಯಂ ಹೈಪೋಕ್ಲೋರೈಟನ್ನು. ಇದು ಬಿಸಿಲಿಗೂ ಸೆಕೆಗೂ ಬೇಗ ಸತ್ವ ಕಳೆದುಕೊಳ್ಳುತ್ತದೆ, ಹಾಗಾಗಿ ಹೊಸದಾಗಿ ಬಂದ ಸರಕನ್ನೇ ಕೇಳಿ ಪಡೆದು, ನೆರಳಿನಲ್ಲಿಟ್ಟು, ಕೆಲವು ವಾರಗಳಲ್ಲಿ ಖಾಲಿ ಮಾಡಬೇಕು.

ಕೆಲಸ ಆರಂಭಿಸುವ ದಿನ ಮೊದಲು ನೀರಿನ ಪಿಎಚ್, ಎಂದರೆ ಆಮ್ಲ-ಕ್ಷಾರಗಳ ಅಳತೆಯನ್ನು, 7.2ರ ಸುಮಾರಿಗೆ ತರಬೇಕು. ಪಿಎಚ್ 7.5 ಇದ್ದಾಗ ಕ್ಲೋರಿನ್ನಿನ ಸುಮಾರು ಅರ್ಧ ಭಾಗ ಮಾತ್ರ ಚುರುಕಾದ ರೂಪದಲ್ಲಿರುತ್ತದೆ, 8ಕ್ಕೆ ಏರಿದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ನಮ್ಮ ಕೊಳವೆಬಾವಿಗಳ ಕ್ಷಾರದ ನೀರು ಪಿಎಚ್ ಅನ್ನು ಸದಾ ಮೇಲಕ್ಕೇ ಎಳೆಯುತ್ತದೆ. ಕ್ಲೋರಿನ್ ಮಟ್ಟ ಹೆಚ್ಚಾದ ಮೇಲೆ ಪಿಎಚ್ ಪರೀಕ್ಷೆ ನಂಬಲರ್ಹವಲ್ಲವಾದ್ದರಿಂದ ಈ ಕೆಲಸವನ್ನು ಮೊದಲೇ ಮುಗಿಸಿರಬೇಕು. ಆ ಮೇಲೆ ಪಂಪು ಓಡುತ್ತಿರುವಾಗ, ನೀರು ಕೊಳಕ್ಕೆ ಮರಳುವ ಬಾಯಿಯ ಬಳಿ ನಿಧಾನವಾಗಿ ಹೈಪೋ ಸುರಿದು ಮುಕ್ತ ಕ್ಲೋರಿನ್ನನ್ನು 15 ಪಿಪಿಎಂಗೆ ಏರಿಸಬೇಕು. ನಮ್ಮ ಉದಾಹರಣೆಯ ಕೊಳಕ್ಕೆ ಇದು ಶೇಕಡಾ 10ರ ದ್ರಾವಣ 6 ಲೀಟರ್. ಒಂದು ಗಂಟೆ ಕಳೆದು ಅಳೆದರೆ ಬಹುಶಃ ಏನೂ ಉಳಿದಿರುವುದಿಲ್ಲ. ಮತ್ತೆ ಹಾಕಬೇಕು, ಮತ್ತೆ ಅಳೆಯಬೇಕು. ಮೊದಲ ದಿನಗಳಲ್ಲಿ ಎಷ್ಟು ಹೆಚ್ಚು ಬಾರಿ 15ಕ್ಕೆ ತಂದು ನಿಲ್ಲಿಸಲು ಸಾಧ್ಯವೋ ಅಷ್ಟು ಬೇಗ ಕೆಲಸ ಮುಗಿಯುತ್ತದೆ. ನೀರಿನ ಬಣ್ಣ ಗಾಬರಿ ಹುಟ್ಟಿಸುವಂತೆ ಬದಲಾಗುವುದೂ, ಹಾಲಿನಂತೆ ಮಬ್ಬಾಗುವುದೂ ಈ ದಾರಿಯಲ್ಲಿ ಸಹಜ. ಬಹಳ ಜನ ಇಲ್ಲಿಯೇ ಹೆದರಿ ನಿಲ್ಲಿಸಿಬಿಡುತ್ತಾರೆ. ಅರ್ಧಕ್ಕೆ ನಿಲ್ಲಿಸಿದರೆ ಹಾಕಿದ ಕ್ಲೋರಿನ್ನೆಲ್ಲ ವ್ಯರ್ಥ, ಕೊಳದಲ್ಲಿ ಕಾವಲೂ ಇರುವುದಿಲ್ಲ.

ಸೋಸುಯಂತ್ರವನ್ನು ಹಗಲೂ ರಾತ್ರಿಯೂ ಓಡಿಸಬೇಕು. ಒತ್ತಡದ ಮುಳ್ಳು ಶುದ್ಧವಾಗಿದ್ದಾಗಿನ ಮಟ್ಟಕ್ಕಿಂತ ಕಾಲು ಭಾಗ ಏರಿದಾಗಲೆಲ್ಲ ಬ್ಯಾಕ್‌ವಾಷ್ ಮಾಡಬೇಕು, ಎಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳನ್ನು ತೊಳೆಯಬೇಕು. ಈ ಕೊಳಕು ನೀರನ್ನು ಗಿಡಗಳಿಗಾಗಲಿ ಕೆರೆಗಾಗಲಿ ಬಿಡಬಾರದು.

ಅಳತೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕುಡಿಯುವ ನೀರನ್ನು ಪರೀಕ್ಷಿಸಲು ಬಳಸುವ, ಹಳದಿ ಬಣ್ಣ ಕೊಡುವ ಆರ್ಥೋಟಾಲಿಡಿನ್ ದ್ರಾವಣ ಇಲ್ಲಿ ಸಾಲದು, ಏಕೆಂದರೆ ಅದು ಮುಕ್ತ ಕ್ಲೋರಿನ್ನನ್ನೂ ಕೊಳೆಯೊಡನೆ ಸೇರಿಹೋದ ಬಂಧಿತ ಕ್ಲೋರಿನ್ನನ್ನೂ ಬೇರ್ಪಡಿಸಿ ತೋರಿಸುವುದಿಲ್ಲ. ಗುಲಾಬಿ ಬಣ್ಣ ಕೊಡುವ ಡಿಪಿಡಿ ಪರೀಕ್ಷೆ ಬೇಕು. ಆದರೆ ಕ್ಲೋರಿನ್ ಬಹಳ ಹೆಚ್ಚಾದಾಗ ಡಿಪಿಡಿಯ ಬಣ್ಣವೇ ಬಿಳಿಚಿಕೊಂಡು, ಕ್ಲೋರಿನ್ ಇಲ್ಲವೇ ಇಲ್ಲ ಎಂಬ ಭ್ರಮೆ ಹುಟ್ಟುತ್ತದೆ. ಅದಕ್ಕಾಗಿ ಒಂದು ಭಾಗ ಕೊಳದ ನೀರಿಗೆ ನಾಲ್ಕು ಭಾಗ ಡಿಸ್ಟಿಲ್ಡ್ ವಾಟರ್, ಇನ್ವರ್ಟರ್ ಬ್ಯಾಟರಿಗೆ ಹಾಕುತ್ತೇವಲ್ಲ ಅದೇ ನೀರು, ಬೆರೆಸಿ ಪರೀಕ್ಷಿಸಿ, ಬಂದ ಅಂಕಿಯನ್ನು ಐದರಿಂದ ಗುಣಿಸಬೇಕು. ಮೂಗನ್ನು ನಂಬಬಾರದು. ಈಜುಕೊಳದ ಘಾಟು ಎಂದು ನಾವು ಕರೆಯುವುದು ಬಂಧಿತ ಕ್ಲೋರಿನ್ನಿನ, ಎಂದರೆ ಕ್ಲೋರಮೈನುಗಳ ವಾಸನೆ. ಕಣ್ಣುರಿಗೂ ಬಹುಮಟ್ಟಿಗೆ ಅವೇ ಕಾರಣ. ಮುಕ್ತ ಕ್ಲೋರಿನ್ ಸರಿಯಾಗಿರುವ ಕೊಳ ಹೆಚ್ಚು ನಾರುವುದಿಲ್ಲ.

ಬದಲಾವಣೆ ಮುಗಿದದ್ದು ಗೊತ್ತಾಗುವುದು ರಾತ್ರಿಯ ಪರೀಕ್ಷೆಯಿಂದ. ಹಗಲಿನಲ್ಲಿ ಬಿಸಿಲೇ ಕ್ಲೋರಿನ್ನನ್ನು ತಿನ್ನುತ್ತದೆ, ಹಾಗಾಗಿ ಸೂರ್ಯ ಮುಳುಗಿದ ಮೇಲೊಮ್ಮೆ, ಮರುದಿನ ಬಿಸಿಲು ಬೀಳುವ ಮೊದಲೊಮ್ಮೆ ಅಳೆಯಬೇಕು. ಇಡೀ ರಾತ್ರಿಯಲ್ಲಿ ಮುಕ್ತ ಕ್ಲೋರಿನ್ 1 ಪಿಪಿಎಂಗಿಂತ ಕಡಿಮೆ ಇಳಿದಿದ್ದು, ಬಂಧಿತ ಕ್ಲೋರಿನ್ 0.5ರೊಳಗಿದ್ದು, ಕೊಳದ ತಳ ಸ್ಪಷ್ಟವಾಗಿ ಕಾಣುತ್ತಿದ್ದರೆ ಹಳೆಯ ದ್ರಾವಣ ಪೂರ್ತಿ ಸುಟ್ಟುಹೋಗಿದೆ ಎಂದರ್ಥ. ಕೆಲವು ಕೊಳಗಳಲ್ಲಿ ಇದಕ್ಕೆ ಒಂದು ವಾರ ಸಾಕು, ಕೆಲವಕ್ಕೆ ಮೂರು ವಾರವೂ ಬೇಕಾದೀತು. ಆ ಬಳಿಕ ಸೋಸುಯಂತ್ರದ ಮರಳನ್ನು ಬದಲಾಯಿಸಬೇಕು. ಮೊದಲೇ ಬದಲಾಯಿಸಿದರೆ ಹೊಸ ಮರಳೂ ಅಂಟಿಗೆ ಬಲಿಯಾಗುತ್ತದೆ. ಮನೆ ಕಟ್ಟಲು ತಂದ ತುಂಗಭದ್ರೆಯ ಮರಳು ಇದಕ್ಕೆ ಬಾರದು. ಒಂದೇ ಗಾತ್ರದ ಕಣಗಳಿರುವ, ಸೋಸುವುದಕ್ಕೆಂದೇ ಮಾರುವ ಕ್ವಾರ್ಟ್ಜ್ ಮರಳು ಬೇಕು.

ರಾಸಾಯನಿಕಗಳನ್ನು ಇಡುವ ಜಾಗದ ಬಗ್ಗೆ ನನಗೆ ನಿಜವಾದ ಕಳವಳವಿದೆ. ತೋಟದ ಮನೆಯಲ್ಲಿ ಯೂರಿಯಾ ಚೀಲ, ಪಂಪಿನ ಡೀಸೆಲ್, ಕೀಟನಾಶಕ, ಈಜುಕೊಳದ ಡಬ್ಬಿ ಎಲ್ಲವೂ ಒಂದೇ ಕೋಣೆಯಲ್ಲಿರುವುದು ಸಾಮಾನ್ಯ. ಕ್ಲೋರಿನ್ ಪುಡಿಗೆ ಡೀಸೆಲ್ ಅಥವಾ ಎಣ್ಣೆ ತಗಲಿದರೆ ತಾನಾಗಿಯೇ ಬೆಂಕಿ ಹತ್ತಬಹುದು. ಯೂರಿಯಾ ಬೆರೆತರೆ ಸ್ಫೋಟಿಸುವ ವಸ್ತು ಹುಟ್ಟಬಹುದು. ಟಿಸಿಸಿಎಯನ್ನೂ ಕ್ಯಾಲ್ಸಿಯಂ ಹೈಪೋಕ್ಲೋರೈಟನ್ನೂ ಒಂದೇ ಚಮಚದಿಂದ ತೆಗೆಯುವುದೂ ಅಪಾಯ. ಹೈಪೋಗೆ ಆ್ಯಸಿಡ್ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಉಳಿದುಹೋದ ಪೆರಾಕ್ಸೈಡ್ ಕ್ಯಾನನ್ನು ಇವುಗಳ ಪಕ್ಕದಲ್ಲಿಡಬಾರದು. ದಯವಿಟ್ಟು ಗಾಳಿಯಾಡುವ, ಬೀಗ ಹಾಕುವ ಪ್ರತ್ಯೇಕ ಜಾಗ ಮಾಡಿ. ಕೊಳ ನೋಡಿಕೊಳ್ಳುವ ಆಳಿಗೆ ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ ಕೊಡಿ, ಮತ್ತು ರಾಸಾಯನಿಕವನ್ನು ನೀರಿಗೆ ಹಾಕಬೇಕೇ ಹೊರತು ರಾಸಾಯನಿಕದ ಮೇಲೆ ನೀರು ಸುರಿಯಬಾರದೆಂದು ಅವರಿಗೆ ತಿಳಿಸಿ ಹೇಳಿ.

ಎಲ್ಲ ಮುಗಿದ ಮೇಲೆ ಸಯನ್ಯೂರಿಕ್ ಆಮ್ಲವನ್ನು ಒಮ್ಮೆ, ಅಳತೆಯಿಟ್ಟು, ಹಾಕುವುದು ಒಳ್ಳೆಯದು. ಅದು ಅತಿಯಾದರೆ ಕೆಡುಕು, ಮಿತವಾಗಿದ್ದರೆ ಬಿಸಿಲಿನಿಂದ ಕ್ಲೋರಿನ್ನನ್ನು ಕಾಯುತ್ತದೆ. ಅದಿಲ್ಲದ ತೆರೆದ ಕೊಳದಲ್ಲಿ ಮಧ್ಯಾಹ್ನದ ಬಿಸಿಲು ಒಂದು ಗಂಟೆಯೊಳಗೆ ಅರ್ಧ ಕ್ಲೋರಿನ್ನನ್ನು ಹಾಳುಮಾಡುತ್ತದೆ. 40,000 ಲೀಟರ್ ನೀರಿಗೆ 1.2 ಕಿಲೋಗ್ರಾಂ ಹಾಕಿದರೆ 30 ಪಿಪಿಎಂ ಆಗುತ್ತದೆ. ಇದು ನೀರಿನಲ್ಲಿ ನಿಧಾನವಾಗಿ ಕರಗುವುದರಿಂದ ಹಳೆಯ ಕಾಲುಚೀಲದಲ್ಲಿ ಕಟ್ಟಿ, ನೀರು ಮರಳುವ ಬಾಯಿಯ ಮುಂದೆ ತೂಗುಹಾಕಬೇಕು. ನಂತರ ಮುಕ್ತ ಕ್ಲೋರಿನ್ 3 ಪಿಪಿಎಂಗೆ, ಪಿಎಚ್ 7.2ರಿಂದ 7.8ರೊಳಗೆ ಬಂದಾಗ ಮಕ್ಕಳನ್ನು ನೀರಿಗೆ ಬಿಡಬಹುದು. ಅಲ್ಲಿಂದಾಚೆ ದಿನವೂ ಸಂಜೆ ಒಮ್ಮೆ ಅಳೆದು, ಕಡಿಮೆಯಾದಷ್ಟನ್ನು ತುಂಬಿದರೆ ಸಾಕು. ಈ ಗಾತ್ರದ ಕೊಳಕ್ಕೆ 1 ಪಿಪಿಎಂ ಏರಿಸಲು 400 ಮಿಲಿಲೀಟರ್ ಹೈಪೋ ಹಿಡಿಯುತ್ತದೆ.

ನಮಸ್ಕಾರ.